ಹಿತ್ತಿಲಿಗೆ ಟಿಲ್ಲರ್ ಇಳಿಸುವ ಮುನ್ನ
(ಬೆಳ್ಳಿಹಬ್ಬದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿಜೂರಿನ ಸಣ್ಣ ತುಂಡು ಭೂಮಿಗೆ ಟ್ರ್ಯಾಕ್ಟರಿಗಿಂತ ಟಿಲ್ಲರೇ ಅನುಕೂಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೆಯ ಸರದಿ ಬಂತೆಂದು ಹಸಿ ಮಣ್ಣಿಗೆ ಇಳಿಸಬೇಡಿ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿ. ಬೆರಳಲ್ಲಿ ಒತ್ತಿದರೆ ಅದು ಪುಡಿಯಾಗಬೇಕು. ಕೈಗೆ ಅಂಟಿದರೆ ಇನ್ನೆರಡು ದಿನ ಕಾಯಿರಿ.

ಹಸಿಯಲ್ಲಿ ಹೊಡೆದರೆ ಮೇಲೆ ಹೆಂಟೆ ಏಳುತ್ತದೆ, ಅಡಿಯ ಪದರ ಗಟ್ಟಿಯಾಗಿ ನೀರು ಇಂಗುವುದಿಲ್ಲ. ನೀರು ನಿಲ್ಲಬೇಕಾದ ಭತ್ತದ ಗದ್ದೆಗೆ ಅದು ಬೇಕು. ಬಸಳೆ, ಅಲಸಂಡೆಯ ಹಿತ್ತಿಲಿಗೆ ಬೇಡ. ತೆಂಗಿನ ಬುಡದಿಂದ 6 ಅಡಿ ದೂರ ಬಿಟ್ಟು ಹೊಡೆಯಿರಿ, ಬೇರು ಉಳಿಯಲಿ.

ಸಂಘಕ್ಕೊಂದು ಅರಿಕೆ: ಮಣ್ಣು ಹದಕ್ಕೆ ಬಾರದೆ ಕಾಯುವ ಸದಸ್ಯರ ಸರದಿ ತಪ್ಪಿಸದೆ, ಎರಡು ದಿನ ಮುಂದಕ್ಕೆ ಹಾಕಿ ಕೊಡಿ. ಹಾಗಾದರೆ ಯಾರೂ ಅವಸರಕ್ಕೆ ಬಿದ್ದು ಮಣ್ಣು ಕೆಡಿಸಿಕೊಳ್ಳುವುದಿಲ್ಲ.