ಕಪಿಲೆಯ ತವರಿನಲ್ಲಿ ಶಿಬಿರ
(ಶತಮಾನೋತ್ಸವ ವರ್ಷದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಒಂಬತ್ತನೆಯ ತರಗತಿಯ ಮಕ್ಕಳನ್ನು ಮೂರು ದಿನಗಳ ಶಿಬಿರಕ್ಕೆ ವಯನಾಡಿನ ವೆಳ್ಳಮುಂಡಕ್ಕೆ ಕರೆದೊಯ್ಯುವ ವಿಚಾರ ತಿಳಿದಂದಿನಿಂದ ತಮ್ಮಲ್ಲಿ ಅನೇಕರು ಕೇಳಿದ್ದೀರಿ: ಹಂಪೆ, ಜೋಗಗಳಿರುವಾಗ ಅಷ್ಟು ದೂರದ ಕಾಡುಸೀಮೆಯೇಕೆ?

2019ರ ಆಗಸ್ಟ್ ತಿಂಗಳನ್ನು ನಂಜನಗೂಡಿನವರು ಮರೆತಿರಲಾರರು. ಅಂದು ಕಪಿಲೆಯನ್ನು ನಮ್ಮ ಬೀದಿಗಳಿಗೆ ತಂದದ್ದು ವಯನಾಡಿನಲ್ಲಿ ಸುರಿದ ಮಳೆ. ಕೇರಳದ 44 ನದಿಗಳಲ್ಲಿ 41 ಪಶ್ಚಿಮದ ಕಡಲನ್ನು ಸೇರುತ್ತವೆ. ಪೂರ್ವಕ್ಕೆ ಹರಿಯುವ ಮೂರರಲ್ಲಿ ನಮ್ಮ ಕಬಿನಿಯೂ ಒಂದು. ವೆಳ್ಳಮುಂಡವಿರುವುದು ಬಾಣಾಸುರ ಬೆಟ್ಟದ ಮಗ್ಗುಲಲ್ಲಿ. ಆ ಸೀಮೆಯ ಹಳ್ಳತೊರೆಗಳು ಪನಮರಂ, ಮಾನಂತವಾಡಿ ಎಂಬ ಎರಡು ಹೊಳೆಗಳಿಗೆ ಸೇರಿ, ಆ ಹೊಳೆಗಳು ಒಂದಾಗಿ, ಬೀಚನಹಳ್ಳಿಯ ಅಣೆಕಟ್ಟನ್ನು ಹಾದು ನಮ್ಮ ಸ್ನಾನಘಟ್ಟಕ್ಕೆ ಬರುತ್ತವೆ. ಬಾಣಾಸುರ ಸಾಗರದಲ್ಲಿ ನಿಂತ ನೀರಿನ ಒಂದು ಪಾಲು ಮಾತ್ರ ವಿದ್ಯುತ್ತಿಗಾಗಿ ಪಶ್ಚಿಮದ ಕುಟ್ಟ್ಯಾಡಿಯತ್ತ ಹೋಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು. ಎಷ್ಟೋ ವರ್ಷ ತೋರಿಸಿಯೂ ಇದ್ದೇನೆ. ಪರೀಕ್ಷೆ ಮುಗಿದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ.

ಎರಡನೆಯ ದಿನ ವೆಳ್ಳಮುಂಡದ ಈಶಾನ್ಯಕ್ಕಿರುವ ಕುರುವಾ ದ್ವೀಪಕ್ಕೆ ಹೋಗುತ್ತೇವೆ. ಹೊಳೆ ಕವಲೊಡೆದು ಸುತ್ತುವರಿದ, ಜನವಸತಿಯಿಲ್ಲದ, ಸುಮಾರು 950 ಎಕರೆಯ ಕಾಡು ಅದು. ಬಿದಿರಿನ ತೆಪ್ಪದಲ್ಲಿ ದಾಟಬೇಕು. ಮಳೆಗಾಲದಲ್ಲಿ ಪ್ರವೇಶವಿಲ್ಲದ ಕಾರಣ ಡಿಸೆಂಬರ್ ತಿಂಗಳನ್ನು ಆರಿಸಿದ್ದೇವೆ.

ಹೊಳೆಯ ದಡದಲ್ಲೇ ಡೇರೆ ಹಾಕಬೇಕೆಂದು ಮಕ್ಕಳು ಮನವಿಪತ್ರ ಬರೆದುಕೊಟ್ಟಿದ್ದಾರೆ. ಪತ್ರದ ಕನ್ನಡ ಚೆನ್ನಾಗಿದೆ, ಬೇಡಿಕೆಯನ್ನು ಒಪ್ಪಿಲ್ಲ. 2024ರ ಫೆಬ್ರವರಿಯಲ್ಲಿ ಕುರುವಾದಲ್ಲಿ ಕೆಲಸದಲ್ಲಿದ್ದ ನೌಕರರೊಬ್ಬರು ಆನೆಯ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ದ್ವೀಪವನ್ನು ತಿಂಗಳುಗಟ್ಟಲೆ ಮುಚ್ಚಲಾಯಿತು. ರಾತ್ರಿಯ ಹೊಳೆದಡ ಆನೆಗಳದು. ನಮ್ಮ ವಾಸ್ತವ್ಯ ವೆಳ್ಳಮುಂಡದ ಊರೊಳಗೆ, ಗಟ್ಟಿ ಬಾಗಿಲುಗಳುಳ್ಳ ಶಾಲಾ ಕಟ್ಟಡವೊಂದರಲ್ಲಿ. ಡೇರೆಯ ಆಸೆಯನ್ನು ಆ ಶಾಲೆಯ ಅಂಗಳದಲ್ಲಿ, ಹಗಲಿನಲ್ಲಿ, ತೀರಿಸಿಕೊಳ್ಳಲಿ. ಬಾವಲಿಯ ಕಾಡುದಾರಿಯಲ್ಲಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವಿಲ್ಲ. ಹೋಗುವಾಗಲೂ ಬರುವಾಗಲೂ ಹಗಲಿನಲ್ಲೇ ದಾಟುತ್ತೇವೆ.

ಆ ಕಡೆಯ ಕಾಟ್ಟುನಾಯ್ಕರ, ಬೆಟ್ಟಕುರುಮರ ಮನೆಮಾತುಗಳು ಕನ್ನಡಕ್ಕೆ ಹತ್ತಿರದವು. ಸಂತೆಯಲ್ಲೋ ಬಸ್ಸಿನಲ್ಲೋ ಆ ಮಾತು ಕಿವಿಗೆ ಬಿದ್ದರೆ ಮಕ್ಕಳು ಆಲಿಸಲಿ. ಆದರೆ ಅವರ ಹಾಡಿಗಳಿಗೆ ‘ನೋಡಲು’ ಹೋಗುವುದಿಲ್ಲ. ನಮ್ಮ ಮನೆಯಂಗಳಕ್ಕೆ ಬಸ್ಸಿನ ತುಂಬ ಅಪರಿಚಿತರು ಬಂದಿಳಿದರೆ ನಮಗೆ ಹೇಗನಿಸೀತು?

ಇನ್ನು ಹೆಣ್ಣುಮಕ್ಕಳ ವಿಚಾರ. ಗಂಡುಮಕ್ಕಳಲ್ಲಿ ಬಹುತೇಕ ಎಲ್ಲರ ಒಪ್ಪಿಗೆಪತ್ರ ಬಂದಿದೆ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟೂ ಬಂದಿಲ್ಲ. ತಾಯಂದಿರ ಅಂಜಿಕೆ ನನಗೆ ಅರ್ಥವಾಗುತ್ತದೆ. ಇಬ್ಬರು ಶಿಕ್ಷಕಿಯರೂ ನಾನೂ ಹೆಣ್ಣುಮಕ್ಕಳ ಕೊಠಡಿಯಲ್ಲೇ ಮಲಗುತ್ತೇವೆ. ಹೆಣ್ಣುಮಕ್ಕಳನ್ನು ಬಿಟ್ಟು ಶಿಬಿರ ನಡೆಸಲು ಮಾತ್ರ ನಾನು ಸಿದ್ಧಳಿಲ್ಲ. ಅವರು ಬಾರದಿದ್ದರೆ ಬಸ್ಸು ಹೊರಡುವುದಿಲ್ಲ.

ಖರ್ಚು ಭರಿಸಲಾಗದವರು ಕಚೇರಿಗೆ ಬಂದು ನನ್ನೊಬ್ಬಳ ಬಳಿ ಹೇಳಿದರೆ ಸಾಕು. ಹಿರಿಯ ವಿದ್ಯಾರ್ಥಿಗಳು ಆ ಹೊಣೆ ಹೊತ್ತಿದ್ದಾರೆ. ಮಕ್ಕಳ ಚೀಲದಲ್ಲಿ ಒಂದು ಕಂಬಳಿ, ಜಿಗಣೆಗಾಗಿ ಒಂದು ಪೊಟ್ಟಣ ಉಪ್ಪು, ನೋಟುಪುಸ್ತಕ ಇರಲಿ. ಮೊಬೈಲ್ ಬೇಡ. ಒಪ್ಪಿಗೆಪತ್ರಗಳನ್ನು ಶನಿವಾರದೊಳಗೆ ಕಳುಹಿಸಿಕೊಡಿ.