ಮುಪ್ಪಿನ ಮನೆಯಲ್ಲಿ ಮಾತು ಯಾರದು?

ಮನೆಯ ಹಿರಿಯರೊಬ್ಬರನ್ನು ಆರೈಕೆಯ ವಸತಿಗೆ ಸೇರಿಸಬೇಕಾಗಿ ಬಂದಾಗ ನಾವು ವಿಚಾರಿಸುವುದು ಊಟ, ಔಷಧಿ, ದಾದಿಯರ ಸಂಖ್ಯೆ, ಖರ್ಚು ಮೊದಲಾದವುಗಳನ್ನು. ಈ ವಿಚಾರಣೆಯೆಲ್ಲ ಯಾರಿಗಾಗಿ ನಡೆದಿದೆಯೋ ಅವರ ಇಷ್ಟವನ್ನು ಕೇಳುವುದು ಮಾತ್ರ ಎಷ್ಟೋ ಸಲ ಮರೆತುಹೋಗುತ್ತದೆ. ಈ ಮರೆವು ಸಾಮಾನ್ಯವಾದುದಲ್ಲ ಎಂಬುದಕ್ಕೆ ಅಮೆರಿಕದ ಅನುಭವ ಸಾಕ್ಷಿಯಾಗಿದೆ.

ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆಯ ತಾಯಿ ಐವತ್ತೈದರ ವಯಸ್ಸಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ವರ್ಷಗಟ್ಟಲೆ ಶುಶ್ರೂಷಾಲಯಗಳಲ್ಲಿ ಕಳೆದರು. ಮಗಳು ವೃದ್ಧಾಪ್ಯಶಾಸ್ತ್ರವನ್ನು ಓದುತ್ತಿದ್ದಾಗ, ತನ್ನಂಥವರಿಗಾಗಿ ಏನಾದರೂ ಮಾಡಬಾರದೇ ಎಂದು ಆ ತಾಯಿ ಕೇಳಿದರಂತೆ. ಅವರು ಬಯಸಿದ್ದಾದರೂ ಏನು? ತನ್ನದೇ ಒಂದು ಸಣ್ಣ ಅಡುಗೆಮನೆ, ತನ್ನ ಸಾಮಾನುಗಳು, ತಾನೇ ಬೀಗ ಹಾಕಿಕೊಳ್ಳಬಲ್ಲ ಒಂದು ಬಾಗಿಲು. ಇದಕ್ಕಿಂತ ಸ್ಪಷ್ಟವಾದ ಆರೈಕೆಯ ಯೋಜನೆಯನ್ನು ಯಾವ ತಜ್ಞರು ಬರೆದಾರು?

ಆ ಬಯಕೆಯನ್ನೇ ಆಧಾರವಾಗಿಟ್ಟುಕೊಂಡು ಮಗಳು 1983ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ 'ಪಾರ್ಕ್ ಪ್ಲೇಸ್' ಎಂಬ ವಸತಿಯನ್ನು ತೆರೆದರು. ಅಶಕ್ತರಾದ ವೃದ್ಧರ ಕೈಗೆ ಬೀಗದ ಕೈ ಕೊಡುವುದು ಅಪಾಯವೆಂದು ಹಲವರು ಶಂಕಿಸಿದರು. ಸರ್ಕಾರವೂ ಕಣ್ಣಿಟ್ಟು ನೋಡಿತು. ಆದರೆ 1988ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಲ್ಲಿನವರ ಆರೋಗ್ಯ ಕೆಡಲಿಲ್ಲ. ಬದುಕಿನ ಬಗೆಗಿನ ತೃಪ್ತಿ ಹೆಚ್ಚಿತು, ಖಿನ್ನತೆ ತಗ್ಗಿತು.

ಇದಕ್ಕೂ ಮೊದಲೇ, 1976ರಲ್ಲಿ, ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಕನೆಕ್ಟಿಕಟ್‌ನ ಶುಶ್ರೂಷಾಲಯವೊಂದರಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ್ದರು. ಒಂದು ಅಂತಸ್ತಿನವರಿಗೆ ಗಿಡವೊಂದನ್ನು ಆರಿಸಿಕೊಂಡು ತಾವೇ ನೀರೆರೆಯುವಂತೆಯೂ ಸಿನಿಮಾ ನೋಡುವ ದಿನವನ್ನು ತಾವೇ ಗೊತ್ತುಮಾಡುವಂತೆಯೂ ಹೇಳಲಾಯಿತು. ಇನ್ನೊಂದು ಅಂತಸ್ತಿನವರಿಗೂ ಗಿಡ ದೊರೆಯಿತು. ನೀರೆರೆಯುವವರು ಮಾತ್ರ ದಾದಿಯರು. ಮೂರು ವಾರಗಳಲ್ಲಿಯೇ ಮೊದಲಿನ ಗುಂಪಿನವರು ಹೆಚ್ಚು ಲವಲವಿಕೆಯಿಂದಿದ್ದುದು ಕಂಡುಬಂದಿತು.

1987ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಶುಶ್ರೂಷಾಲಯಗಳಿಗಾಗಿ ಮಾಡಿದ ಕಾನೂನು, ಪ್ರತಿಯೊಬ್ಬ ನಿವಾಸಿಯ ಆರೈಕೆಯ ಯೋಜನೆಯನ್ನು ಲಿಖಿತವಾಗಿಯೇ ಸಿದ್ಧಪಡಿಸಬೇಕೆಂದು ವಿಧಿಸಿತು. ಸಾಧ್ಯವಾದಮಟ್ಟಿಗೆ ಆ ವ್ಯಕ್ತಿಯೂ ಅವರ ಕುಟುಂಬದವರೂ ಅದರಲ್ಲಿ ಭಾಗವಹಿಸಬೇಕೆಂದೂ ಹೇಳಿತು.

ಇಲ್ಲಿ ಕುಟುಂಬದ ಪಾತ್ರವೇನೆಂಬುದನ್ನು ಯೋಚಿಸಬೇಕು. ತಂದೆಗೆ ಯಾವ ಕಿವಿ ಮಂದವೆಂದು, ತಾಯಿ ಕಾಫಿ ಕುಡಿಯದೆ ಯಾರೊಡನೆಯೂ ಮಾತನಾಡುವುದಿಲ್ಲವೆಂದು ಬಲ್ಲವರು ಮನೆಯವರೇ. ಈ ತಿಳಿವಳಿಕೆ ದಾದಿಯರಿಗೆ ದೊರೆಯಬೇಕು. ಆದರೆ ಹಿರಿಯರು ಎದುರಿಗೇ ಕುಳಿತಿರುವಾಗ ಅವರ ಪರವಾಗಿ ಉತ್ತರಿಸುವುದು ಬೇರೆಯ ಮಾತು. ಮಕ್ಕಳು ಬೇಡುವುದು ಸುರಕ್ಷತೆ. ಹಿರಿಯರು ಬೇಡುವುದು ಸ್ವಾತಂತ್ರ್ಯ. ಎರಡೂ ನ್ಯಾಯವೇ. ಒಬ್ಬರೇ ಸಂಜೆ ತೋಟದಲ್ಲಿ ಅಡ್ಡಾಡಿದರೆ ಬಿದ್ದಾರೆಂಬ ಭಯ ಸುಳ್ಳಲ್ಲ. ಆ ಅಡ್ಡಾಟವೇ ಅವರ ದಿನದ ಸಂತೋಷವೆಂಬುದೂ ಸುಳ್ಳಲ್ಲ. ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬಹುದೆಂಬುದನ್ನು ಮೂವರೂ ಒಂದೆಡೆ ಕುಳಿತು ಗೊತ್ತುಮಾಡಬೇಕು. ನೆನಪು ಮಾಸಿದವರನ್ನೂ ಯಾವ ಸೀರೆ, ಯಾವ ಹಾಡು ಎಂದು ಕೇಳಬಹುದು. ಮಾತು ಹೊರಡದಿದ್ದರೆ ಮುಖ ಉತ್ತರ ಕೊಟ್ಟೀತು.

ಮಕ್ಕಳು ಪರದೇಶದಲ್ಲಿದ್ದು, ತಂದೆತಾಯಿಗಳು ಇಂಥ ವಸತಿಗಳನ್ನು ಸೇರುವುದು ನಮ್ಮ ಬೆಂಗಳೂರು, ಮೈಸೂರುಗಳಲ್ಲಿಯೂ ಇಂದು ಅಪರೂಪವಲ್ಲ. ದೂರವಾಣಿಯಲ್ಲಿ ವ್ಯವಸ್ಥಾಪಕರೊಡನೆ ಎಲ್ಲವನ್ನೂ ಇತ್ಯರ್ಥಪಡಿಸುವ ಮುನ್ನ ಮಕ್ಕಳು ಆ ಕರೆಯನ್ನು ಮೊದಲು ತಾಯಿಗೆ ಮಾಡಲಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆದಿಡಲಿ. ಆರು ತಿಂಗಳಲ್ಲಿ ದೇಹ ಬದಲಾದೀತು, ಮನಸ್ಸೂ ಬದಲಾದೀತು. ಆಗ ಮತ್ತೊಮ್ಮೆ ಕೇಳಲಿ.