ಹಳೆಯ ಟ್ರಾಕ್ಟರಿನ ಲಿಫ್ಟು ಕೈಕೊಟ್ಟಾಗ

ವರ್ತೂರು, ಸರ್ಜಾಪುರ, ಆನೇಕಲ್ಲಿನ ಕಡೆ ಹೊಲಗಳ ಪಕ್ಕದಲ್ಲೇ ಗಾಜಿನ ಕಟ್ಟಡಗಳು ಎದ್ದಿವೆ. ಆದರೂ ಉಳಿದ ಎರಡು ಮೂರು ಎಕರೆಯಲ್ಲಿ ರಾಗಿ ಬಿತ್ತುವವರು ಇದ್ದೇ ಇದ್ದಾರೆ. ಅವರಲ್ಲಿ ಹಲವರ ಹತ್ತಿರ ಇರುವುದು ಇಪ್ಪತ್ತು ಮೂವತ್ತು ವರ್ಷ ದುಡಿದ ಟ್ರಾಕ್ಟರು. ಮಳೆ ಬಿದ್ದು ಭೂಮಿ ಹದಕ್ಕೆ ಬಂದ ದಿನವೇ ಅದರ ಲಿಫ್ಟು ಮುಷ್ಕರ ಹೂಡುತ್ತದೆ. "ಪಂಪು ಹೋಗಿದೆ, ಬಿಚ್ಚಬೇಕು" ಎಂದು ಯಾರಾದರೂ ಹೇಳಿದರೆ ಕೂಡಲೆ ತಲೆಯಾಡಿಸಬೇಡಿ. ಲಿಫ್ಟು ಯಾವ ರೀತಿ ಕೈಕೊಟ್ಟಿದೆ ಎಂಬುದನ್ನು ಮೊದಲು ನೀವೇ ನೋಡಿ. ಹಣವೂ ಉಳಿದೀತು, ಹದವೂ ಉಳಿದೀತು.

ಲಿಫ್ಟೆಂಬುದು ದೊಡ್ಡ ಒಗಟೇನಲ್ಲ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತುತ್ತದೆ. ಒಳಗಿನ ಪಿಸ್ಟನ್ನು ಸರಿದು ಹಿಂದಿನ ತೋಳುಗಳನ್ನು ಎತ್ತುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗೂಸನ್ ಅವರ ಈ ಏರ್ಪಾಡು 1939ರಲ್ಲಿ ಫೋರ್ಡ್ ಟ್ರಾಕ್ಟರಿಗೂ ಬಂತು. ಮೂಲ ಇಂದಿಗೂ ಅದೇ.

ತೋಳು ಏನೂ ಏಳದಿದ್ದರೆ ಮೊದಲು ಹಿಡಿಗಳನ್ನು ನೋಡಿ. ಮ್ಯಾಸಿ ಫರ್ಗೂಸನ್ ಮಾದರಿಯ ಹಲವು ಹಳೆಯ ಟ್ರಾಕ್ಟರುಗಳಲ್ಲಿ ಲಿಫ್ಟಿನ ಪಂಪನ್ನು ತಿರುಗಿಸುವುದೇ ಪಿ.ಟಿ.ಓ. ದಂಡ. ಆ ಹಿಡಿ ಬಿಟ್ಟಿದ್ದರೆ ಪಂಪು ತಿರುಗದು. ಸರ್ಜಾಪುರದ ಕಡೆ ಯಜಮಾನರೊಬ್ಬರು ಎರಡು ದಿನ ಟ್ರಾಕ್ಟರು ನಿಲ್ಲಿಸಿಕೊಂಡು ಕೂತಿದ್ದರು. ಹೊಸ ಡ್ರೈವರು ಹಿಡಿ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. "ಏನ್ ಸಾರ್, ಇಷ್ಟಕ್ಕಾ ನಾನು ಎರಡು ದಿನ ಕಾದಿದ್ದು?" ಎಂದರು. ಆ ಹಿಡಿ ಹಾಕುವಾಗ ಮಾತ್ರ ಟ್ರಾಕ್ಟರಿನ ಹಿಂದೆ ಯಾರೂ ಇರಕೂಡದು.

ನಿಧಾನವಾಗಿ, ಕುಲುಕುತ್ತಾ ಏಳುತ್ತದೆ, ಪಂಪು ಕಿರುಗುಟ್ಟುತ್ತದೆ ಎಂದರೆ ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೆ ಫಿಲ್ಟರು ಕಟ್ಟಿರಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಅಳತೆ ಕಡ್ಡಿ ಎತ್ತಿ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ; ನೊರೆಯಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ನಮ್ಮ ಕಡೆ ಇನ್ನೊಂದು ಕಾರಣವುಂಟು. ಬೇಸಾಯವಿಲ್ಲದ ದಿನಗಳಲ್ಲಿ ಇದೇ ಟ್ರಾಕ್ಟರು ವೈಟ್‌ಫೀಲ್ಡಿನ ಕಡೆಗೆ ಮಣ್ಣು, ಜಲ್ಲಿ ಹೊರುತ್ತದೆ. ಎತ್ತಿ ಸುರಿಯುವ ಟ್ರೈಲರಿನ ಜಾಕಿಗೆ ಹೋಗುವುದೂ ಟ್ರಾಕ್ಟರಿನ ಎಣ್ಣೆಯೇ. ಕೊಳವೆಯ ತುದಿ ಒರೆಸದೆ ಸಿಕ್ಕಿಸಿದರೆ ಜಲ್ಲಿಪುಡಿ ನೇರವಾಗಿ ಒಳಕ್ಕೆ ಹೋಯಿತೆಂದೇ ತಿಳಿಯಿರಿ. ಒಂದು ಚೂರು ಬಟ್ಟೆ, ಒಂದು ಮುಚ್ಚಳ, ಇಷ್ಟು ಸಾಕು. ಈ ಸಣ್ಣ ಕೆಲಸಕ್ಕೇ ನಮ್ಮವರಿಗೆ ಬೇಸರ!

ಏಳುತ್ತದೆ, ಇಂಜಿನ್ನು ನಿಲ್ಲಿಸಿದೊಡನೆ ಜಗ್ಗಿ ಇಳಿಯುತ್ತದೆ. ಇದು ಸಾಮಾನ್ಯವಾಗಿ ಪಂಪಿನ ತಪ್ಪಲ್ಲ. ಪಿಸ್ಟನ್ನಿನ ಓರಿಂಗು ಸವೆದಿರಬೇಕು, ಇಲ್ಲವೆ ವಾಲ್ವು ಸೋರುತ್ತಿರಬೇಕು. ಇಂಜಿನ್ನು ನಡೆಯುವಾಗ ತೋಳು ತೂಕಡಿಸುವವನ ತಲೆಯಂತೆ ಬೀಳುತ್ತಾ ಏಳುತ್ತಾ ಇದ್ದರೂ ಇದೇ ರೋಗ; ಸೋರಿದಷ್ಟನ್ನು ಪಂಪು ಮತ್ತೆ ತುಂಬುತ್ತಿರುತ್ತದೆ. ಬಿಚ್ಚಿಸಿದಾಗ ಹಳೆಯ ಓರಿಂಗನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅಳತೆ ಕೂಡಿದರೆ ಸಾಲದು, ಎಣ್ಣೆಗೆ ತಾಳುವ ನೈಟ್ರೈಲ್ ರಬ್ಬರನ್ನೇ ಕೇಳಿ. ಸಿಲಿಂಡರಿನ ಒಳಗೋಡೆಗೆ ಗೀರು ಬಿದ್ದಿದ್ದರೆ ಹೊಸ ಓರಿಂಗೂ ಬಾಳದು. ಅದನ್ನು ಉಜ್ಜಿ ನಯಮಾಡುವ ವರ್ಕ್‌ಷಾಪು ಪೀಣ್ಯದಲ್ಲಿ ಸಿಗುತ್ತದೆ.

ಇನ್ನು ಪ್ರಾಣದ ಮಾತು. ಎತ್ತಿದ ರೋಟವೇಟರು ಮೂರು ನಾಲ್ಕು ಕ್ವಿಂಟಲು ತೂಗಬಹುದು; ಅಷ್ಟೂ ಭಾರ ನಿಂತಿರುವುದು ಆ ಓರಿಂಗಿನ ನಂಬಿಕೆಯ ಮೇಲೆ. ಬ್ಲೇಡಿಗೆ ಸುತ್ತಿದ ಹುಲ್ಲು ಕೀಳಬೇಕಾದರೆ ನೆಲಕ್ಕಿಳಿಸಿ, ಇಂಜಿನ್ನು ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿಕೊಳ್ಳಿ. ಎತ್ತಿಯೇ ಕೆಲಸ ಮಾಡಬೇಕಾದರೆ ಗಟ್ಟಿ ದಿಮ್ಮಿಗಳ ಆಸರೆ ಬೇಕು. ಮೇಲೆದ್ದ ಟ್ರೈಲರಿನ ಕೆಳಗೂ ಹಾಗೆಯೇ, ಆಸರೆಯಿಲ್ಲದೆ ತಲೆ ಹಾಕಬೇಡಿ. ಕೊಳವೆ ಎಲ್ಲಿ ಸೋರುತ್ತಿದೆಯೆಂದು ಬೆರಳಿನಿಂದ ತಡಕಬೇಡಿ, ರಟ್ಟಿನ ಚೂರು ಹಿಡಿದು ನೋಡಿ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಕ್ಕೀತು. ಹೊಕ್ಕ ಗಾಯ ಚುಕ್ಕೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ಆ ಕ್ಷಣವೇ ಶಸ್ತ್ರಚಿಕಿತ್ಸೆಯಾಗುವ ದೊಡ್ಡ ಆಸ್ಪತ್ರೆಗೆ ಹೊರಡಿ. ಒಳಗೆ ಎಣ್ಣೆ ಸೇರಿದೆಯೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ತಡವಾದರೆ ಬೆರಳನ್ನೇ ಕತ್ತರಿಸಬೇಕಾದೀತು.